ನಗಬಾರದು, ಚುಟ್ಟಿ ಬಿರಿಯುತ್ತದೆ

ಸಂಜೆ ಬರೆಯಲು ಕೂತ ಚಿತ್ರ ರಾತ್ರಿ ಮುಗಿಯುತ್ತದೆ. ಬೆಳಗಾಗುವಷ್ಟರಲ್ಲಿ ತೆಂಗಿನೆಣ್ಣೆಯಲ್ಲಿ ಕರಗಿ ಹೋಗುತ್ತದೆ. ಮರುದಿನ ಮತ್ತೆ ಖಾಲಿ ಮುಖ, ಮತ್ತೆ ಅದೇ ಕನ್ನಡಿ. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ಗೆಜ್ಜೆ ಕಟ್ಟಿರುವ ಹೊತ್ತಿನಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಒಬ್ಬ ವಿಚಿತ್ರ ಚಿತ್ರಕಾರನ ಬೆನ್ನ ಹಿಂದೆ ಕೂತು ಕಂಡದ್ದು.

ಕೊಯ್ಲು ಮುಗಿದ ಗದ್ದೆ. ಒಂದು ತುದಿಯಲ್ಲಿ ರಂಗಸ್ಥಳದ ಕಂಬಗಳು ಏಳುತ್ತಿವೆ. ಇನ್ನೊಂದು ತುದಿಯಲ್ಲಿ ಚರುಮುರಿಯವನು ಈರುಳ್ಳಿ ಹೆಚ್ಚುತ್ತಿದ್ದಾನೆ. ಗದ್ದೆಯ ಬದುವಿನ ಆಚೆ, ಶೀಟು ಹೊದಿಸಿದ ಉದ್ದನೆಯ ಚಪ್ಪರ. ಅದು ಚೌಕಿ.

ಒಳಗೆ ಹೋದರೆ ಎರಡೂ ಬದಿಯಲ್ಲಿ ಸಾಲಾಗಿ ಪೆಟ್ಟಿಗೆಗಳು, ಅವುಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತ ವೇಷಧಾರಿಗಳು. ಪುಂಡುವೇಷದ ಹುಡುಗ ಮೊಬೈಲಿನಲ್ಲಿ ಯಾರ ಜತೆಗೋ ಮಾತಾಡುತ್ತ ಅರೆಮನಸ್ಸಿನಿಂದ ಬಣ್ಣ ಕಲಸುತ್ತಿದ್ದಾನೆ. ಸ್ತ್ರೀವೇಷದವರು ಸೀರೆಯ ನೆರಿಗೆ ಹಿಡಿಯುತ್ತಿದ್ದಾರೆ. ಇವರೆಲ್ಲರಿಗೂ ಇನ್ನೂ ಪುರುಸೊತ್ತು ಉಂಟು. ಒಬ್ಬರಿಗೆ ಮಾತ್ರ ಇಲ್ಲ. ಅವರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಾರೆ, ರಂಗಸ್ಥಳಕ್ಕೆ ಬರುವುದು ಮಾತ್ರ ಎಷ್ಟೋ ಹೊತ್ತಿನ ಮೇಲೆ. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಸಪೂರದ ಕಡ್ಡಿ. ಕಡ್ಡಿಯ ತುದಿಯಲ್ಲಿ ಹಾಲುಬಿಳಿಯ ಹಿಟ್ಟು. ಹಿಟ್ಟನ್ನು ಕೆನ್ನೆಗೆ ತಾಗಿಸಿ ಮೆಲ್ಲಗೆ ಎಳೆದರೆ ಅಲ್ಲೊಂದು ಮುಳ್ಳು ಎದ್ದು ನಿಲ್ಲುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು. ಈ ಮುಳ್ಳುಗಳೇ ಚುಟ್ಟಿ.

ಚಿಕ್ಕಂದಿನಲ್ಲಿ ಸಿದ್ಧಕಟ್ಟೆ ಕಡೆಯ ಒಂದು ಬಯಲಾಟದಲ್ಲಿ ನಾನಿದನ್ನು ಮೊದಲು ನೋಡಿದ್ದು. ಬಾಯಿ ಬಿಟ್ಟು ನಿಂತಿದ್ದ ನಾನು ಏನೋ ಕೇಳಲು ಹೊರಟಾಗ ಮಾವ ರಟ್ಟೆ ಹಿಡಿದು ಎಳೆದರು. "ಮಾತಾಡಿಸ್ಬೇಡ ಮಾರಾಯ. ಅವರಿಗೆ ನಗು ಬಂದ್ರೆ ಚುಟ್ಟಿ ಬಿರೀತದೆ."

ರಾಕ್ಷಸನಿಗೆ ನಗು ಬರಬಾರದು! ನನಗೆ ಆ ಕ್ಷಣದಲ್ಲೇ ನಗು ಬಂತು. ಆಮೇಲೆ ಎಷ್ಟೋ ವರ್ಷ ಕಳೆದ ಮೇಲೆ, ಊರ ಹವ್ಯಾಸಿಗಳ ಆಟವೊಂದರಲ್ಲಿ ಸಣ್ಣದೊಂದು ರಾಕ್ಷಸ ವೇಷಕ್ಕೆ ನಾನೇ ಕೂತಿದ್ದೆ. ಎಡಗೆನ್ನೆಯ ಎರಡು ಸಾಲು ಮುಗಿದಿತ್ತು. ಗೆಳೆಯನೊಬ್ಬ ಇಣುಕಿ, "ಇದೆಂತ, ಹಲಸಿನಕಾಯಿಯಾ?" ಎಂದು ಕೇಳಿದ. ಎರಡೂ ಸಾಲು ಮಡಿಲಿಗೆ ಬಿತ್ತು. ಮಾವ ಹೇಳಿದ್ದು ಸುಳ್ಳಲ್ಲ.

ಚಿತ್ರಕಲೆ ಎಂದಕೂಡಲೇ ನಮಗೆ ನೆನಪಾಗುವುದು ಕ್ಯಾನ್ವಾಸು, ಚೌಕಟ್ಟು, ಗ್ಯಾಲರಿಯ ಬಿಳಿ ಗೋಡೆ. ನನ್ನ ಕಣ್ಣಿಗೆ ಈ ಮೂರು ಊರುಗಳ ನಡುವಿನ ನಿಜವಾದ ಚಿತ್ರಕಾರ ಬಣ್ಣದ ವೇಷಧಾರಿಯೇ. ತೆಂಕುತಿಟ್ಟು ಯಕ್ಷಗಾನದಲ್ಲಿ ವೇಷಗಳಿಗೆಲ್ಲ ಬಣ್ಣ ಉಂಟು. ಆದರೂ ಬಣ್ಣದ ವೇಷ ಎಂದು ಕರೆಸಿಕೊಳ್ಳುವುದು ಒಂದೇ, ರಾಕ್ಷಸನ ವೇಷ. ಅಲ್ಲಿ ಬಣ್ಣ ಅಲಂಕಾರಕ್ಕೆ ಬಂದದ್ದಲ್ಲ, ಪಾತ್ರವೇ ಅದು. ಈ ವೇಷದಲ್ಲಿ ಹೆಸರು ಮಾಡಿದವರಿಗೆ 'ಬಣ್ಣದ' ಎಂಬುದೇ ಮನೆತನದ ಹೆಸರಿನಂತೆ ಅಂಟಿಕೊಂಡಿತು. ಬಣ್ಣದ ಮಹಾಲಿಂಗ ಎಂದರೆ ಇವತ್ತಿಗೂ ಹಳಬರು ಒಮ್ಮೆ ಹುಬ್ಬು ಏರಿಸುತ್ತಾರೆ. ಕಾಸರಗೋಡು ಕಡೆಯ ಚಂದ್ರಗಿರಿ ಅಂಬು ಅವರ ಹೆಸರು ಹೇಳಿದರೂ ಹಾಗೆಯೇ.

ಗಡಿಯಾಚೆಯ ಕಥಕಳಿಯಲ್ಲೂ ಚುಟ್ಟಿ ಉಂಟು. ಅಲ್ಲಿ ನಟ ಅಂಗಾತ ಮಲಗುತ್ತಾನೆ, ಚುಟ್ಟಿ ಇಡುವವನು ಬೇರೆ. ಬೇಕಾದರೆ ನಟ ಒಂದು ಸಣ್ಣ ನಿದ್ದೆಯನ್ನೂ ತೆಗೆಯಬಹುದು. ನಮ್ಮಲ್ಲಿ ಆ ಸುಖವಿಲ್ಲ. ಇಲ್ಲಿ ಬರೆಯುವವನೂ ಅವನೇ, ಬರೆಸಿಕೊಳ್ಳುವವನೂ ಅವನೇ, ಆಮೇಲೆ ಅದನ್ನು ಹೊತ್ತು ಕುಣಿಯುವವನೂ ಅವನೇ. ತನ್ನ ಚಿತ್ರವನ್ನು ತಾನು ನೇರವಾಗಿ ಒಮ್ಮೆಯೂ ಕಾಣದ ಚಿತ್ರಕಾರ. ಕಂಡದ್ದೆಲ್ಲ ಕನ್ನಡಿಯೊಳಗೆ, ಎಡ ಬಲವಾಗಿ ಬಲ ಎಡವಾಗಿ.

ಕೆಲಸ ಹೀಗೆ ಸಾಗುತ್ತದೆ. ಮೊದಲು ಮುಖಕ್ಕೆ ತೆಂಗಿನೆಣ್ಣೆ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಬಣ್ಣದ ಹಿನ್ನೆಲೆ. ಆಮೇಲೆ ಕಪ್ಪು, ಕೆಂಪು, ಬಿಳಿಯ ಗೆರೆಗಳು: ಹುಬ್ಬು ಹಣೆಗೇರುತ್ತದೆ, ಕಣ್ಣು ಕಿವಿಯವರೆಗೆ ಚಾಚುತ್ತದೆ, ಬಾಯಿ ಕೆನ್ನೆಯ ಅರ್ಧ ನುಂಗುತ್ತದೆ. ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಬೆರೆಸಿದ ಹಿಟ್ಟು ಹದಕ್ಕೆ ಬಂದಿರಬೇಕು. ನೀರಾದರೆ ಮುಳ್ಳು ಮಲಗುತ್ತದೆ, ಗಟ್ಟಿಯಾದರೆ ಕಡ್ಡಿಯನ್ನೇ ಬಿಡುವುದಿಲ್ಲ. ದೋಸೆ ಹಿಟ್ಟಿನ ಹದ ಬಲ್ಲವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಒಂದು ಸಾಲು ಆರಿದ ಮೇಲೆ ಇನ್ನೊಂದು ಸಾಲು. ದೊಡ್ಡ ವೇಷಕ್ಕೆ ಮೂರು, ನಾಲ್ಕು ಗಂಟೆ. ಅಷ್ಟು ಹೊತ್ತು ತುಟಿ ಬಿಗಿ, ಕೆನ್ನೆ ಸ್ಥಿರ. ಪಕ್ಕದ ಪೆಟ್ಟಿಗೆಯಲ್ಲೇ ಹಾಸ್ಯಗಾರ ಕೂತಿದ್ದರೆ ಅದು ತಪಸ್ಸೇ ಸರಿ.

ಬಾಕ್ಸ್: ಬಣ್ಣದ ಪೆಟ್ಟಿಗೆಯೊಳಗೆ

ಹಳದಿಗೆ ಅರದಾಳ. ಕೆಂಪಿಗೆ ಇಂಗಳೀಕ. ಕಪ್ಪಿಗೆ ದೀಪದ ಕಾಡಿಗೆ. ಬಿಳಿಗೆ ಸಫೇತ. ಹಿಂದೆ ಇವನ್ನು ಕಲ್ಲಿನ ಮೇಲೆ ಅರೆದು ತೆಂಗಿನೆಣ್ಣೆಯಲ್ಲಿ ಕಲಸುತ್ತಿದ್ದರು. ಅರದಾಳ ಎಂದರೆ ಆರ್ಸೆನಿಕ್ ಸೇರಿದ ಖನಿಜ, ಇಂಗಳೀಕದಲ್ಲಿರುವುದು ಪಾದರಸ. ಸುಂದರವಾದ ಎರಡು ವಿಷಗಳು. ಈಗ ಬಹುತೇಕ ಕಡೆ ಅಂಗಡಿಯ ತಯಾರಿ ಬಣ್ಣ ಬಂದಿದೆ. ಭೂತಕೋಲದಲ್ಲಿ ಮುಖಕ್ಕೆ ಬಳಿಯುವ ಹಳದಿಯೂ ಇದೇ ಅರದಾಳದ ಪರಂಪರೆಯದ್ದು.

ಈಗ ರಂಗಸ್ಥಳಕ್ಕೆ ಬನ್ನಿ. ದೇವಿಮಹಾತ್ಮೆಯ ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ. ಗದ್ದೆಯ ಆಚೆ ತುದಿಯಲ್ಲಿ ಆರ್ಭಟ ಕೇಳುತ್ತದೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲ್ಲೆಂದು ಮೇಲೇಳುತ್ತದೆ. ನಿದ್ದೆಯಲ್ಲಿದ್ದ ಮಕ್ಕಳು ಎದ್ದು ಅಮ್ಮನ ಸೆರಗಿನೊಳಗೆ ಹೊಗುತ್ತಾರೆ. ಮೂರು ಗಂಟೆ ಕೂತು ಎಬ್ಬಿಸಿದ ಆ ಮುಳ್ಳುಗಳಿಗೆ ಅರ್ಥ ಬರುವುದು ಆಗ. ಬೆಂಕಿ ಅಲುಗಾಡಿದಂತೆ ಪ್ರತಿ ಮುಳ್ಳೂ ಮುಖದ ಮೇಲೆ ನೆರಳು ಚೆಲ್ಲುತ್ತದೆ, ಮುಖವೇ ಉಸಿರಾಡಿದಂತೆ ಕಾಣುತ್ತದೆ. ಎಲ್‌ಇಡಿ ಬೆಳಕಿನಲ್ಲಿ ಅದೇ ಮುಖ ಸಪ್ಪೆ. ಕಂಬಕ್ಕೊಂದು ಫೋಕಸ್ ದೀಪ ಕಟ್ಟುವ ಸಂಘಟಕರಿಗೆ ಇದನ್ನು ಯಾರಾದರೂ ಹೇಳಬೇಕು. ಈ ಮುಖ ಬರೆದದ್ದು ಬೆಂಕಿಗಾಗಿ.

ಭಯ ಎಷ್ಟು ಹೊತ್ತು? ಸ್ವಲ್ಪವೇ ಹೊತ್ತು. ಆಮೇಲೆ ತೆರೆಯ ಹಿಂದೆ ಏನು ನಡೆಯುತ್ತದೆ ನೋಡಿ. ಮೂರು ಲೋಕ ನಡುಗಿಸುವ ರಾಕ್ಷಸ ಹಲ್ಲುಜ್ಜುತ್ತಾನೆ. ಮುಖ ತೊಳೆಯುತ್ತಾನೆ. ಮೀಯುತ್ತಾನೆ. ಕನ್ನಡಿ ನೋಡಿ ಭಸ್ಮ ಹಚ್ಚಿಕೊಳ್ಳುತ್ತಾನೆ. ಆಮೇಲೆ ಭಕ್ತಿಯಿಂದ ಶಿವಪೂಜೆ. ಇದು ಬಣ್ಣದ ವೇಷದ ಸಂಪ್ರದಾಯದ ತೆರೆ ಕುಣಿತ. ಮಾತಿಲ್ಲ, ಚೆಂಡೆಯ ನುಡಿತ ಮಾತ್ರ. ಬೆಳಗಿನ ಆರು ಗಂಟೆಗೆ ಬಾವಿಕಟ್ಟೆಯಲ್ಲಿ ಕಾಣುವ ನಮ್ಮ ಮನೆಯ ಅಜ್ಜಂದಿರಿಗೂ ಈ ರಾಕ್ಷಸನಿಗೂ ಏನು ವ್ಯತ್ಯಾಸ? ಹೆಣ್ಣುಬಣ್ಣವಂತೂ ಇನ್ನೂ ಮುಂದೆ. ಶೂರ್ಪನಖಿ ತಲೆ ಬಾಚಿ, ಸಿಕ್ಕು ಬಿಡಿಸಿ, ಶೃಂಗಾರ ಮಾಡಿಕೊಳ್ಳುವಾಗ ಮೊದಲು ನಗುವುದು ಗದ್ದೆಯ ಹೆಂಗಸರು.

ನನಗೆ ಬಹಳ ಇಷ್ಟವಾದದ್ದು ಆ ಕನ್ನಡಿ. ಚೌಕಿಯಲ್ಲಿ ಮೂರು ಗಂಟೆ ನಿಜವಾದ ಕನ್ನಡಿ ನೋಡಿ ಬಂದವನು ರಂಗಸ್ಥಳದಲ್ಲಿ ಇಲ್ಲದ ಕನ್ನಡಿಯನ್ನು ನೋಡುತ್ತಾನೆ. ತಾನು ಪಟ್ಟ ಪಾಡನ್ನೇ ತಾನು ಅಣಕಿಸಿದ ಹಾಗೆ. ತನ್ನನ್ನು ತಾನೇ ಹೀಗೆ ಗೇಲಿ ಮಾಡಿಕೊಳ್ಳುವ ಚಿತ್ರಕಾರ ಎಷ್ಟು ಮಂದಿ ಇದ್ದಾರು!

ಬಾಕ್ಸ್: ರಾಕ್ಷಸರಲ್ಲೂ ಜಾತಿ ಮೂರು

ರಾಜಬಣ್ಣ: ರಾವಣನಂಥ ಅರಸು ರಾಕ್ಷಸರಿಗೆ. ಗತ್ತು ಹೆಚ್ಚು, ಗೆರೆ ನಯ. ಕಾಟುಬಣ್ಣ: ಕಾಡು ರಾಕ್ಷಸರಿಗೆ. ಹೆಣ್ಣುಬಣ್ಣ: ತಾಟಕಿ, ಪೂತನಿ, ಶೂರ್ಪನಖಿ ಮೊದಲಾದ ರಕ್ಕಸಿಯರಿಗೆ. ಚೌಕಟ್ಟು ಪರಂಪರೆಯದ್ದು, ಒಳಗಿನ ಬರವಣಿಗೆ ವೇಷಧಾರಿಯ ಕೈಗೆ ಬಿಟ್ಟದ್ದು. ಅದಕ್ಕೇ ಇಬ್ಬರು ರಾವಣರ ಮುಖ ಒಂದೇ ತರ ಇರುವುದಿಲ್ಲ.

ಗಂಭೀರದ ನಡುವೆ ಕಳ್ಳತನದಿಂದ ನಗು ತುರುಕುವ ಈ ಚಾಳಿ ಯಕ್ಷಗಾನದವರದ್ದು ಮಾತ್ರ ಅಲ್ಲ, ಮಣ್ಣಿನದ್ದೇ ಇರಬೇಕು ಎಂದು ನನಗೆ ಅನ್ನಿಸಿದ್ದು ಮೂಡುಬಿದಿರೆಯಲ್ಲಿ.

ಅಲ್ಲಿ ಚೌಟ ಅರಸರ ಅರಮನೆ ಉಂಟು. ಹೊರಗಿನಿಂದ ನೋಡಿದರೆ ದೊಡ್ಡದೊಂದು ಹಳೆಯ ಗುತ್ತಿನ ಮನೆ. ಒಳಗಿನ ಮರದ ಕೆತ್ತನೆಯಲ್ಲಿ ಒಂದು ಆನೆ. ಒಂದೆರಡು ಹೆಜ್ಜೆ ಹತ್ತಿರ ಹೋಗಿ, ಆನೆ ಮಾಯ. ಒಂಬತ್ತು ಹೆಂಗಸರು ಬಾಗಿ, ಬಳುಕಿ, ಒಬ್ಬರ ಮೇಲೊಬ್ಬರು ಒರಗಿ ಆನೆಯಾಗಿದ್ದಾರೆ. ನವನಾರಿ ಕುಂಜರ. ಹಾಗೆಯೇ ಐವರು ಹೆಂಗಸರು ಸೇರಿ ಒಂದು ಕುದುರೆ, ಪಂಚನಾರಿ ತುರಗ. ಯಾರ ಕಾಲು ಸೊಂಡಿಲಾಯಿತು, ಯಾರ ಬೆನ್ನು ಆನೆಯ ಬೆನ್ನಾಯಿತು ಎಂದು ಹುಡುಕುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಭಾರತದ ಬೇರೆ ಕಡೆಗಳಲ್ಲೂ ಈ ಚಮತ್ಕಾರದ ಚಿತ್ರಗಳು ಉಂಟು. ಅರಸನ ಮನೆಯ ಕಂಬದಲ್ಲಿ, ಬರುವವರು ಹೋಗುವವರು ಒರಗುವ ಜಾಗದಲ್ಲಿ ಇಟ್ಟದ್ದು ನಮ್ಮ ಆಚಾರಿಯ ತಮಾಷೆ. ಅವನ ಹೆಸರು ನನಗೆ ಗೊತ್ತಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ, ತ್ರಿಭುವನ ತಿಲಕ ಚೂಡಾಮಣಿ ಎಂಬ ಗಂಭೀರ ಹೆಸರಿನ ಕಟ್ಟಡ. ಜನ ಕತ್ತೆತ್ತಿ ಕಂಬ ಎಣಿಸುತ್ತಾರೆ. ನನ್ನ ಸಲಹೆ ಏನೆಂದರೆ ಕತ್ತು ಬಗ್ಗಿಸಿ. ಭೈರಾದೇವಿ ಮಂಟಪದ ಜಗಲಿಯ ಕೆಳಗಿನ ಪಟ್ಟಿಕೆಯಲ್ಲಿ ಒಂದು ಜಿರಾಫೆ ನಿಂತಿದೆ. ಚೀನಾದ ಡ್ರ್ಯಾಗನ್ ಕೂಡ ಉಂಟು. ಪಶ್ಚಿಮ ಘಟ್ಟದ ಬುಡದಲ್ಲಿ ಜಿರಾಫೆಗೆ ಏನು ಕೆಲಸ? ಕರಾವಳಿಯ ಬಂದರುಗಳಿಗೆ ಆಫ್ರಿಕ, ಚೀನಾಗಳ ಜತೆ ಇದ್ದ ವ್ಯಾಪಾರದ ಗುರುತು ಎಂದು ತಿಳಿದವರು ಹೇಳುತ್ತಾರೆ. ಅದು ಸರಿ. ನಾನು ಊಹಿಸಿಕೊಳ್ಳುವುದು ಮಾತ್ರ ಬೇರೆ. ಹಡಗಿನವನೊಬ್ಬ ಬಂದು, "ತೆಂಗಿನಮರದಷ್ಟು ಉದ್ದ ಕುತ್ತಿಗೆಯ ಪ್ರಾಣಿ ಕಂಡೆ" ಎಂದಿರಬೇಕು. ಕೇಳಿದವರೆಲ್ಲ ನಕ್ಕಿರಬೇಕು. ಕಲ್ಲುಕುಟಿಗ ಮಾತ್ರ ನಕ್ಕು ಸುಮ್ಮನಾಗದೆ ಉಳಿ ಎತ್ತಿಕೊಂಡಿರಬೇಕು.

ಇದೇ ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥಗಳ ತಾಳೆಗರಿಗಳಲ್ಲಿ 12ನೆಯ ಶತಮಾನದ ಬಣ್ಣದ ಚಿತ್ರಗಳಿವೆ. ಕರ್ನಾಟಕದಲ್ಲಿ ಉಳಿದು ಬಂದ ಅತಿ ಹಳೆಯ ಹಸ್ತಪ್ರತಿ ವರ್ಣಚಿತ್ರಗಳ ಸಾಲಿನಲ್ಲಿ ಇವು ಸೇರುತ್ತವೆ. ಕೆಲವೇ ಬೆರಳಗಲದ ಗರಿಯಲ್ಲಿ ಜಿನರು, ಯಕ್ಷಿಯರು, ಭಕ್ತರು. ಒಂದು ಕಡೆ ಎಂಟು ನೂರು ವರ್ಷ ಬಾಳಿದ ಬಣ್ಣ. ಹತ್ತೇ ಮೈಲಿ ಆಚೆಯ ಗದ್ದೆಯಲ್ಲಿ ಎಂಟು ಗಂಟೆ ಬಾಳುವ ಬಣ್ಣ. ಎರಡರಲ್ಲೂ ಕೈ ಮಾತ್ರ ಒಂದೇ ತರ ನಿಧಾನ.

ಬೆಳ್ತಂಗಡಿ ತಾಲ್ಲೂಕಿಗೆ ಹೋದರೆ ಎಲ್ಲವೂ ಆಳೆತ್ತರ ಮೀರಿದ್ದು. ವೇಣೂರಿನ ಬಾಹುಬಲಿ 35 ಅಡಿ, 1604ರದ್ದು. ಧರ್ಮಸ್ಥಳದ ಬಾಹುಬಲಿ 39 ಅಡಿ, ಪ್ರತಿಷ್ಠೆಯಾದದ್ದು 1982ರಲ್ಲಿ. ಕಾರ್ಕಳದಲ್ಲಿ ಅದನ್ನು ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಒಂದೇ ಕಲ್ಲು, ಸಣ್ಣದೊಂದು ಸುಕ್ಕೂ ಇಲ್ಲದ ಶಾಂತ ಮುಖ. ಅದೇ ಧರ್ಮಸ್ಥಳದ ಮೇಳದ ಚೌಕಿಯಲ್ಲಿ ಅಕ್ಕಿಹಿಟ್ಟಿನ ಮುಳ್ಳುಮುಳ್ಳು ಮುಖ. ಕ್ಷೇತ್ರ ಒಂದು, ಮುಖ ಎರಡು. ಬೆಟ್ಟದ ಮೇಲೆ ನಿಂತವನಿಗೆ ಶತಮಾನಗಳ ಚಿಂತೆಯಿಲ್ಲ. ಕೆಳಗಿನವನಿಗೆ ನಾಳೆ ಬೆಳಗಿನ ಚಿಂತೆಯಿಲ್ಲ.

ಚಿಂತೆಯಿಲ್ಲ ಎಂದೆ. ಬಣ್ಣದ ವೇಷಧಾರಿಯ ಬದುಕು ಹಗುರ ಎಂದು ಅರ್ಥವಲ್ಲ. ದೀಪಾವಳಿಯ ನಂತರ ಹೊರಟ ಮೇಳ ತಿರುಗಾಟ ನಿಲ್ಲಿಸುವುದು ಬೇಶ ತಿಂಗಳ ಹತ್ತನೆಯ ದಿನದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ. ಆರು ತಿಂಗಳಿಗೂ ಹೆಚ್ಚು ಕಾಲ ದಿನಕ್ಕೊಂದು ಊರು, ದಿನಕ್ಕೊಂದು ಮುಖ. ಎಣ್ಣೆ, ಸುಣ್ಣ, ಹೊಗೆ, ನಿದ್ದೆಗೇಡು. ಹಗಲು ಯಾವುದೋ ಮನೆಯ ಜಗಲಿಯಲ್ಲೋ ಶಾಲೆಯ ವರಾಂಡದಲ್ಲೋ ನಿದ್ದೆ. ಈಚೆಗೆ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ಆಟ ನಡುರಾತ್ರಿಗೇ ಮುಗಿಯುತ್ತದೆ. ಪ್ರೇಕ್ಷಕರಿಗೆ ಅದು ಅನುಕೂಲವೇ. ಬಣ್ಣದ ವೇಷಕ್ಕೆ ಮಾತ್ರ ಅದು ಸ್ವಲ್ಪ ಎಡವಟ್ಟು. ರಾತ್ರಿ ಒಂದು ಗಂಟೆಗೆ ಬರಬೇಕಾದ ರಾಕ್ಷಸ ಒಂಬತ್ತಕ್ಕೇ ಬರಬೇಕೆಂದರೆ ಸೂರ್ಯ ಮುಳುಗುವ ಮೊದಲೇ ಚುಟ್ಟಿಗೆ ಕೂರಬೇಕು. ಹೊತ್ತು ಸಾಲದಿದ್ದರೆ ಒಂದೆರಡು ಸಾಲು ಮುಳ್ಳು ಕಡಿಮೆಯಾಗುತ್ತದೆ. ಮುಂದಿನ ಸಾಲಿನಲ್ಲಿ ಕೂತ ಅಜ್ಜನೊಬ್ಬ ಅದನ್ನು ಎಣಿಸಿಯೇ ಎಣಿಸುತ್ತಾನೆ.

ಮುಖ ಬರೆಯುವ ಈ ಕಲೆಯನ್ನು ಗಂಭೀರವಾಗಿ ತೆಗೆದುಕೊಂಡು ಬರೆದ ಮೊದಲಿಗರಲ್ಲಿ ಒಬ್ಬರು ಶಿವರಾಮ ಕಾರಂತರು. ಬಂಟ್ವಾಳದ ನೆರೆಯ ಪುತ್ತೂರಿನಲ್ಲಿ ಕೂತು ಯಕ್ಷಗಾನದ ಹಾಡು, ಕುಣಿತ, ಕಿರೀಟ, ಬಣ್ಣ ಎಲ್ಲವನ್ನೂ ಅವರು ಬೆದಕಿದರು. ಸ್ವತಃ ಕುಂಚ ಹಿಡಿಯಬಲ್ಲವರಾದ್ದರಿಂದ ಅವರ ಕಣ್ಣು ಮುಖವರ್ಣಿಕೆಯ ಮೇಲೆ ನಿಂತದ್ದು ಸಹಜ. 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಗಳ ರಾಶಿಯನ್ನೇ ಬರೆದವರಿಗೆ ಅಕಾಡೆಮಿ ಬಹುಮಾನ ಕೊಟ್ಟದ್ದು ಬಯಲಾಟದ ಪುಸ್ತಕಕ್ಕೆ! ಕಾದಂಬರಿ ಓದುಗರಿಗೆ ಇದು ಇವತ್ತಿಗೂ ಅರ್ಧ ಅರಗುವುದಿಲ್ಲ. ನನಗೇನೋ ನ್ಯಾಯವಾಗಿಯೇ ಕಾಣುತ್ತದೆ.

ಬಾಕ್ಸ್: ಕಟ್ಟಿಂಗೇರಿಯಿಂದ ಪ್ಯಾರಿಸ್ಸಿಗೆ

ತುಳುನಾಡಿನ ಕುಣಿತವನ್ನು ಕ್ಯಾನ್ವಾಸಿಗೆ ಒಯ್ದವರು ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಪ್ಯಾರಿಸ್ಸಿನಲ್ಲೂ ಓದಿ ಬಂದವರು. ಗೆರೆಗೆ ಲಯ ಬರಬೇಕೆಂದು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರು 'ದಿ ಸಿಂಗಿಂಗ್ ಲೈನ್', ಹಾಡುವ ಗೆರೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ತೀರಿಕೊಂಡದ್ದು 1996ರಲ್ಲಿ.

ಹೆಬ್ಬಾರರು ಕುಣಿತ ಕಲಿತು ಚಿತ್ರ ಬರೆದರು. ಬಣ್ಣದ ವೇಷದವನು ಚಿತ್ರ ಬರೆದು ಕುಣಿಯುತ್ತಾನೆ. ಹೆಬ್ಬಾರರ ಗೆರೆ ಕಾಗದದಲ್ಲಿ ಉಳಿಯಿತು, ಇವನದ್ದು ಬೆವರಿನಲ್ಲಿ ಹೋಯಿತು. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ಬೇಡ. ಇವನ ಗೆರೆಗೆ ಹರಾಜು ಮಾತ್ರ ಇಲ್ಲ, ಅಷ್ಟೇ.

ಚೌಕಿಯ ಮಾತಾಡುವಾಗ ಹಾಸ್ಯಗಾರರನ್ನು ಬಿಟ್ಟರೆ ಅಪಚಾರ. ಅವರ ಬಣ್ಣ ಸರಳ. ಮೂಗಿನ ಮೇಲೆ ಒಂದು ಚುಕ್ಕೆ, ಹುಬ್ಬಿಗೆ ಒಂದು ಸೊಟ್ಟ ಗೆರೆ, ಹಲ್ಲಿಗೆ ಒಂದಿಷ್ಟು ಕಪ್ಪು. ಐದು ನಿಮಿಷದಲ್ಲಿ ಮುಖ ಸಿದ್ಧ. ಬಂಟ್ವಾಳದ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತು ಊರೂರು ನಗಿಸಿದ ಬಂಟ್ವಾಳ ಜಯರಾಮ ಆಚಾರ್ಯರು 2024ರಲ್ಲಿ ತೀರಿಕೊಂಡರು. ದೂತನಿರಲಿ, ಮಡಿವಾಳನಿರಲಿ, ಬಾಹುಕನಿರಲಿ, ಹಾಸ್ಯಗಾರ ಒಂದು ಗೆರೆ ಆಚೀಚೆ ಮಾಡಿದರೆ ಪಾತ್ರವೇ ಬೇರೆ. ಬಾಹುಕನನ್ನೇ ನೋಡಿ. ಅವನು ನಿಜಕ್ಕೂ ಚೆಲುವ ನಳ. ಕಾರ್ಕೋಟಕ ಕಚ್ಚಿ ವಿಕಾರವಾದವನು. ನಗಿಸುತ್ತ ನಗಿಸುತ್ತ ಒಂದು ಗಳಿಗೆ ಒಳಗಿನ ನಳ ಇಣುಕಿದರೆ ಗದ್ದೆ ತುಂಬ ಮೌನ. ಸೊಟ್ಟ ಗೆರೆಯೊಂದರಲ್ಲಿ ಇಷ್ಟನ್ನು ಸಾಧಿಸುವವನನ್ನು ವ್ಯಂಗ್ಯಚಿತ್ರಕಾರ ಎನ್ನದೆ ಇನ್ನೇನು ಎನ್ನಬೇಕು?

ಮತ್ತೆ ಚೌಕಿಗೆ ಬರೋಣ. ಆಟ ಮುಗಿದಿದೆ. ದೇವಿ ಮಹಿಷನನ್ನು ಕೊಂದಾಗಿದೆ. ಸತ್ತವನು ಪೆಟ್ಟಿಗೆಯ ಎದುರು ಕೂತು ಚಾ ಕುಡಿಯುತ್ತಿದ್ದಾನೆ. ತಲೆಯ ಮೇಲಿದ್ದ ಕೇಸರಿ ತಟ್ಟಿ ಕೆಳಗಿಳಿದಿದೆ. ಒಣಗಿದ ಚುಟ್ಟಿಯನ್ನು ಉಗುರಿನಿಂದ ಎಬ್ಬಿಸಿದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಉಳಿದದ್ದಕ್ಕೆ ತೆಂಗಿನೆಣ್ಣೆ. ಕೆಂಪು, ಕಪ್ಪು, ಹಳದಿ ಒಂದರೊಳಗೊಂದು ಕಲಸಿ ಹಳೆಯ ಬೈರಾಸಿಗೆ ಇಳಿಯುತ್ತದೆ. ರಾತ್ರಿಯಿಡೀ ಸಾವಿರಾರು ಜನ ನೋಡಿದ ಚಿತ್ರ ಈಗ ಆ ಬೈರಾಸಿನಲ್ಲಿ ಒಂದು ಕಲೆ. ಒಳಗಿನಿಂದ ಹೊರಬರುವುದು ನಮ್ಮ ನಿಮ್ಮಂಥದೇ ಮುಖ. ಆಗ ಮಾತ್ರ ಅವರು ನಗುತ್ತಾರೆ.

ಪತ್ತನಾಜೆಯವರೆಗೆ ಆಟ ಉಂಟು. ಈ ಸಲ ಹೋಗುವಾಗ ಆಟ ಶುರುವಾಗುವ ಹೊತ್ತಿಗೆ ಹೋಗಬೇಡಿ, ಎರಡು ಮೂರು ಗಂಟೆ ಮೊದಲೇ ಹೋಗಿ. ಚೌಕಿಯ ಹೊರಗೆ ಚಪ್ಪಲಿ ಬಿಡಿ. ಒಳಗಿರುವ ದೇವರಿಗೆ ಕೈಮುಗಿಯಿರಿ. ಮೂಲೆಯಲ್ಲಿ ಕನ್ನಡಿ ಹಿಡಿದು ಕೂತವರ ಹಿಂದೆ, ಬೆಳಕಿಗೆ ಅಡ್ಡವಾಗದಂತೆ ನಿಲ್ಲಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಸೆಲ್ಫಿ ಬೇಡ. ಏನಾದರೂ ತಮಾಷೆ ಹೇಳಬೇಕೆನ್ನಿಸಿದರೆ ಬೆಳಗಿನವರೆಗೆ ತಡೆದುಕೊಳ್ಳಿ.